100 ಗ್ರಾಂ ರಾಕೆಟ್ಟಿನೊಳಗೆ ಇಎಸ್‌ಪಿ32: ಅನುಭವ ಇರುವವರು ತಿಳಿಸಿ

ಪ್ರಶ್ನೆ: 34 ಮಿಮೀ ರಟ್ಟಿನ ಕೊಳವೆ, ಸಿ6-5 ಮೋಟಾರ್ (ಉರಿದು ಮುಗಿದ 5 ಸೆಕೆಂಡಿಗೆ ಪ್ಯಾರಾಚೂಟ್ ಚಿಮ್ಮಿಸುವಂಥದ್ದು), ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಬೋರ್ಡ್), ಬಿಎಂಪಿ280 (ಗಾಳಿಯ ಒತ್ತಡದಿಂದ ಎತ್ತರ ತಿಳಿಸುವ ಸೆನ್ಸರ್), ಎಂಪಿಯು6050 (ವೇಗೋತ್ಕರ್ಷ ಅಳೆಯುವ ಸೆನ್ಸರ್), ಎಸ್‌ಡಿ ಕಾರ್ಡ್. ಎಲ್ಲ ಸೇರಿ 100 ಗ್ರಾಂ. ಹಾರಿಸುವುದು ಡಲ್ಲಾಸ್ ಹತ್ತಿರ. ವೇಗೋತ್ಕರ್ಷದ ಗ್ರಾಫ್ 2 ಜಿ (ಗುರುತ್ವದ ಎರಡು ಪಟ್ಟು) ಮುಟ್ಟಿ ಚಪ್ಪಟೆಯಾಗುತ್ತದೆ, ಎತ್ತರದ ಲೆಕ್ಕ ಎಗರಾಡುತ್ತದೆ, ಕಾರ್ಡಿನ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಏನು ಬದಲಿಸಲಿ?

ಉತ್ತರ: ಮೊದಲನೆಯದು ಸುಲಭ. ಎಂಪಿಯು6050 ಆನ್ ಆದಾಗ ±2 ಜಿ ವ್ಯಾಪ್ತಿಯಲ್ಲಿರುತ್ತದೆ. ಅದರ 0ಎಕ್ಸ್1ಸಿ ರಿಜಿಸ್ಟರಿಗೆ (ಸೆಟ್ಟಿಂಗ್ ಇಡುವ ಜಾಗ) 0ಎಕ್ಸ್18 ಬರೆಯಿರಿ, ±16 ಆಗುತ್ತದೆ. ಸಿ6 ಶುರುವಿನಲ್ಲಿ ಸುಮಾರು 14 ನ್ಯೂಟನ್ ತಳ್ಳುತ್ತದೆ, ನಿಮ್ಮ ತೂಕಕ್ಕೆ ಅದು 14 ಜಿ. ರಾಕೆಟ್ಟನ್ನು 80 ಗ್ರಾಂಗೆ ಇಳಿಸಿದರೆ 16 ಕೂಡ ಸಾಲದು, ಇನ್ನೂ ಹೆಚ್ಚು ಜಿ ಅಳೆಯುವ ಎಡಿಎಕ್ಸ್‌ಎಲ್375 ಹಾಕಬೇಕಾಗುತ್ತದೆ.

ಉತ್ತರ: ಎತ್ತರ ಎಗರಾಡುವುದು ಬಹುಪಾಲು ಹೊರಗಿನ ಒತ್ತಡ ಸೆನ್ಸರಿಗೆ ಮುಟ್ಟಲೆಂದು ಕೊಳವೆಗೆ ಕೊರೆಯುವ ತೂತುಗಳ ತಪ್ಪು. ಒಂದೇ ತೂತಿದ್ದರೆ ರಾಕೆಟ್ ತುಸು ವಾಲಿದರೂ ಗಾಳಿ ನೇರ ನುಗ್ಗುತ್ತದೆ. ಸುತ್ತಲೂ ಸಮ ಅಂತರದಲ್ಲಿ 1.5 ಮಿಮೀ ತೂತು ಮೂರು ಕೊರೆಯಿರಿ, ಮೂತಿ ಕೂಡುವ ಜಾಗದಿಂದ ಕೊಳವೆಯ ವ್ಯಾಸದ ನಾಲ್ಕು ಪಟ್ಟು, ಅಂದರೆ 14 ಸೆಂಮೀ ಕೆಳಗೆ. ಅಂಚಿನ ರಟ್ಟು ಎದ್ದಿದ್ದರೆ ಸೂಪರ್‌ಗ್ಲೂ ಸವರಿ, ಒಣಗಿದ ಮೇಲೆ ನುಣ್ಣಗೆ ಉಜ್ಜಿ. ಇದು ಸಣ್ಣ ಕೆಲಸ, ಆದರೆ ಫಲ ದೊಡ್ಡದು. ಬೋರ್ಡಿನ ಕೋಣೆಗೂ ಪ್ಯಾರಾಚೂಟ್ ಕಡೆಗೂ ನಡುವಿನ ತಡೆ ಗಾಳಿಯಾಡದಂತಿರಲಿ. ಇಲ್ಲದಿದ್ದರೆ ಪ್ಯಾರಾಚೂಟ್ ಚಿಮ್ಮಿಸುವ ಮದ್ದಿನ ಅನಿಲ ಒಳಬಂದು ಗ್ರಾಫ್ ದಿಢೀರನೆ ಕುಸಿಯುತ್ತದೆ. ಸೆನ್ಸರ್ ಮೇಲೆ ಬಿಸಿಲು ಬೀಳದಂತೆ ಸ್ಪಂಜಿನ ತುಣುಕು ಮುಚ್ಚಿ.

ಉತ್ತರ: ಎಸ್‌ಡಿ ಕಾರ್ಡ್ ಬಿಟ್ಟುಬಿಡಿ. ಅದುರಿದಾಗ ಸಂಪರ್ಕ ತಪ್ಪುತ್ತದೆ, ಬರೆಯುವಾಗಲೂ ಆಗಾಗ ತಡೆಯುತ್ತದೆ. ಡಬ್ಲ್ಯು25ಕ್ಯು64 ಫ್ಲ್ಯಾಶ್ ಚಿಪ್ ಬೆಸುಗೆ ಹಾಕಿ, 8 ಎಂಬಿ ಸಿಗುತ್ತದೆ. ಸೆಕೆಂಡಿಗೆ 100 ಸಲ 16 ಬೈಟ್ ಬರೆದರೂ ನಿಮಿಷಕ್ಕೆ 96 ಕೆಬಿ ಮಾತ್ರ. ಚಿಪ್ಪನ್ನು ಹಾರಿಸುವ ಮೊದಲೇ ಅಳಿಸಿಡಿ, ಹಾರುವಾಗ ಅಳಿಸಲು ಹೋದರೆ ದಾಖಲೆಯಲ್ಲಿ ತೂತು ಬೀಳುತ್ತದೆ. ಬ್ಯಾಟರಿ ತಂತಿಯನ್ನೂ ಬೆಸುಗೆ ಹಾಕಿ, ಸ್ಪ್ರಿಂಗ್ ಹೋಲ್ಡರ್ ಬೇಡ.

ಪ್ರಶ್ನೆ ಕೇಳಿದವರು: ಧನ್ಯವಾದ. ಪ್ಯಾರಾಚೂಟನ್ನೂ ಬೋರ್ಡೇ ಬಿಡಿಸಲಿ ಎಂದಿದ್ದೇನೆ, ಆಗುತ್ತದೆಯೇ?

ಉತ್ತರ: ಈಗಲೇ ಬೇಡ. ಬೋರ್ಡ್ ಬರೀ ದಾಖಲಿಸಲಿ, ಮೋಟಾರಿನ ಮದ್ದೇ ಬಿಡಿಸಲಿ. ಆದರೆ 100 ಗ್ರಾಂಗೆ 5 ಸೆಕೆಂಡ್ ವಿಳಂಬ ತಡವಾಗಬಹುದು. ಹಾರಾಟ ಲೆಕ್ಕ ಹಾಕುವ ಓಪನ್‌ರಾಕೆಟ್‌ ತಂತ್ರಾಂಶದಲ್ಲಿ ಸಿ6-3 (3 ಸೆಕೆಂಡ್ ವಿಳಂಬದ್ದು) ಹಾಕಿ ಹೋಲಿಸಿ. 45 ಸೆಂಮೀ ಪ್ಯಾರಾಚೂಟ್ ಇದ್ದರೆ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಇಳಿಯುತ್ತದೆ, ಬೋರ್ಡ್ ಉಳಿಯುತ್ತದೆ. ತೂಕದ ಕೇಂದ್ರವು ಒತ್ತಡ ಕೇಂದ್ರಕ್ಕಿಂತ (ಗಾಳಿಯ ಬಲ ಒಟ್ಟಾಗಿ ಬೀಳುವ ಬಿಂದು) ಕೊಳವೆಯ ಒಂದು ವ್ಯಾಸದಷ್ಟಾದರೂ ಮುಂದಿರಬೇಕು, ಬ್ಯಾಟರಿಯನ್ನು ಮೂತಿಯ ಕಡೆ ಸರಿಸಿದರೆ ಅದು ಸಿಗುತ್ತದೆ. ಗಾಳಿ ಗಂಟೆಗೆ 32 ಕಿಮೀ ದಾಟಿದ ದಿನ ಹಾರಿಸಬೇಡಿ.