ಏಪ್ರಿಲ್ ತಿಂಗಳ ಮದುವೆಗೆ ಹೂವಿನ ಆಯ್ಕೆ ಮತ್ತು ಮಂಟಪದ ಅಲಂಕಾರ: ಅನುಭವಿಗಳ ಸಲಹೆ ಬೇಕಾಗಿದೆ

ಪ್ರಶ್ನೆ (ಬದಿಯಡ್ಕದಿಂದ)

ನಮ್ಮ ಮಗಳ ಮದುವೆ ಏಪ್ರಿಲ್ ಕೊನೆಯ ವಾರದಲ್ಲಿ ನಿಶ್ಚಯವಾಗಿದೆ. ಬೆಳಗ್ಗೆ 11.30ರ ಮುಹೂರ್ತಕ್ಕೆ ದೇವಸ್ಥಾನದ ಸಭಾಭವನದಲ್ಲಿ ಧಾರೆ, ಮರುದಿನ ಸಂಜೆ ಕಾಸರಗೋಡಿನ ಆಡಿಟೋರಿಯಂನಲ್ಲಿ ಔತಣಕೂಟ. ಅಲಂಕಾರದವರು ಎರಡೂ ಕಡೆಗೆ ಆರ್ಕಿಡ್, ಜರ್ಬೆರಾ ಎಂದು ಹೇಳುತ್ತಿದ್ದಾರೆ. ಹಿಂಗಾರ (ಅಡಿಕೆ ಮರದ ಹೂಗೊಂಚಲು), ಮಲ್ಲಿಗೆ ಇಲ್ಲದಿದ್ದರೆ ಅದು ಮದುವೆಯ ಮಂಟಪವೇ ಅಲ್ಲ ಎಂಬುದು ಮನೆಯ ಹಿರಿಯರ ಮಾತು. ಹೂ ಬಾಡಬಾರದು, ಖರ್ಚೂ ಕೈಮೀರಬಾರದು. ಮದುವೆ ನಡೆಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು. ದಿಬ್ಬಣದವರೂ ಸೇರಿ ಹೆಂಗಸರು ಇನ್ನೂರು ಮಂದಿಯಾದರೂ ಇರಬಹುದು. ಎಲ್ಲರಿಗೂ ಸೂಡಲು ಮಲ್ಲಿಗೆ ಕೊಡಬೇಕೆಂಬ ಆಸೆಯಿದೆ.

ಉತ್ತರ (ಕುಂಬಳೆಯಿಂದ)

ಅಲಂಕಾರದವರ ಆಲ್ಬಂ ನೋಡುವುದಕ್ಕೆ ಮೊದಲು, ಯಾವ ಹೂ ಯಾವ ಹೊತ್ತಿಗೆ ಬೇಕು, ಅದು ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ನಮ್ಮ ಕುಟುಂಬದ ಮದುವೆಗಳಲ್ಲಿ ಹೂವಿನ ಜವಾಬ್ದಾರಿ ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತದೆ. ಹೂ ಬಾಡುವುದಕ್ಕೆ ಅದರ ಜಾತಿಗಿಂತಲೂ ಕಟ್ಟಿದ ಹೊತ್ತೇ ಹೆಚ್ಚಿನ ಕಾರಣವೆಂಬುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಹಿಂದಿನ ದಿನ ಸಂಜೆ ಐದಕ್ಕೆ ಕಟ್ಟಿ ಮುಗಿಸಿದ ಮಂಟಪಕ್ಕೆ ಮರುದಿನದ ಮುಹೂರ್ತದ ವೇಳೆಗೆ ಹದಿನೆಂಟೂವರೆ ಗಂಟೆ ಕಳೆದಿರುತ್ತದೆ, ಆ ನಡುವೆ ಏಪ್ರಿಲ್ ತಿಂಗಳ ಸೆಕೆಯೂ ಹೋಮದ ಕಾವೂ ಅದಕ್ಕೆ ತಾಗಿರುತ್ತವೆ. ಆದ್ದರಿಂದ ಬಟ್ಟೆ, ಎಲೆ, ತೋರಣ, ಗೊಂಡೆ ಹೂವಿನ ಮಾಲೆ ಇವಿಷ್ಟನ್ನು ಹಿಂದಿನ ರಾತ್ರಿ ಕಟ್ಟಿಸಿ, ಸೇವಂತಿಗೆ, ಗುಲಾಬಿ ಮತ್ತು ಮಲ್ಲಿಗೆಯ ಕೆಲಸವನ್ನು ಬೆಳಗ್ಗಿನ ಜಾವಕ್ಕೆ ಇಟ್ಟುಕೊಳ್ಳುವಂತೆ ಕರಾರು ಮಾಡಿಕೊಳ್ಳಿ. ಸಭಾಭವನದ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತಾರೆಂದು ದೇವಸ್ಥಾನದ ಕಚೇರಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳುವುದು ಅಗತ್ಯ.

ಆರ್ಕಿಡ್ ಬೇಡವೆಂದು ನಾನು ಹೇಳುವುದಿಲ್ಲ. ಆರ್ಕಿಡ್ ಮತ್ತು ಆಂಥೂರಿಯಂ ನೀರಿನ ಆಸರೆ ಕಡಮೆಯಿದ್ದರೂ ಹೆಚ್ಚು ಹೊತ್ತು ತಾಳಿಕೊಳ್ಳುವ ಹೂಗಳು. ಅವುಗಳಿಗೆ ತಕ್ಕ ಜಾಗವೆಂದರೆ ಮರುದಿನ ಸಂಜೆಯ ಆಡಿಟೋರಿಯಂ. ಜರ್ಬೆರಾದ ದಂಟು ನೀರು ಸಿಗದಿದ್ದರೆ ಕತ್ತು ಬಾಗಿಸುತ್ತದೆ. ಅದನ್ನು ನಿಲ್ಲಿಸಲು ಅಲಂಕಾರದವರು ಬಳಸುವ ಹಸಿರು ಫೋಮ್ ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್ ಜಾತಿಯ ವಸ್ತು. ನಮ್ಮಲ್ಲಿ ಹರಿತ ಪೆರುಮಾಟ್ಟಚಟ್ಟಂ, ಅಂದರೆ ಕೇರಳದ ಹಸಿರು ನಿಯಮಾವಳಿ, ಬಂದ ಮೇಲೆ ಇಂಥದ್ದನ್ನು ಆಡಿಟೋರಿಯಂನವರು ಸುಮ್ಮನೆ ಬಿಡುವುದಿಲ್ಲ. ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಅಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದಲ್ಲಿದೆ. ನಮ್ಮ ಸಂಬಂಧಿಕರ ಮದುವೆಯೊಂದರಲ್ಲಿ ವಧೂವರರ ಹೆಸರನ್ನು ಥರ್ಮೋಕೋಲಿನಲ್ಲಿ ಕೊರೆದು ತಂದಿದ್ದರು. ಸಭಾಭವನದವರು ಅದನ್ನು ಮುಹೂರ್ತಕ್ಕೆ ಮುಂಚೆ ಇಳಿಸಿದ್ದರಿಂದ ವೇದಿಕೆಯ ಹಿನ್ನೆಲೆ ಬರಿದಾಗಿ ಉಳಿಯಿತು. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಹೋಮಕುಂಡದ ನೇರ ಮೇಲೆ ಜೋಲುಮಾಲೆಗಳನ್ನು ಇಳಿಬಿಡಬಾರದು, ಮತ್ತು ನೈಲಾನ್ ಬಟ್ಟೆಯನ್ನಾಗಲಿ ಪ್ಲಾಸ್ಟಿಕ್ ಹೂವನ್ನಾಗಲಿ ಕುಂಡದ ಹತ್ತಿರ ಬರಗೊಡಬಾರದು. ತುಪ್ಪ ಸುರಿದಾಗ ಜ್ವಾಲೆ ಎಷ್ಟು ಎತ್ತರಕ್ಕೆ ಏಳುತ್ತದೆಂದು ಪುರೋಹಿತರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲಂಕಾರದವರನ್ನೂ ಅವರನ್ನೂ ಒಮ್ಮೆ ಮುಖಾಮುಖಿ ಮಾತನಾಡಿಸಿಬಿಡಿ.

ಗೊಂಡೆ ಹೂ ಕೊಳ್ಳುವಾಗ ಚೀಲದೊಳಗೆ ಕೈ ಹಾಕಿ ನೋಡಬೇಕು. ತೂಕಕ್ಕಾಗಿ ನೀರು ಚಿಮುಕಿಸಿದ ಹೂವಿನ ಚೀಲ ನಡುವಿನಲ್ಲಿ ಬಿಸಿಯಾಗಿರುತ್ತದೆ, ಅಂಥ ಹೂ ಮರುದಿನಕ್ಕೆ ಕಪ್ಪಾಗಿ ಕೊಳೆಯುತ್ತದೆ. ಒಣಗಿದ ಮೈಯ ಹೂವಾದರೆ ಎರಡು ದಿನ ಸಲೀಸಾಗಿ ನಿಲ್ಲುತ್ತದೆ. ವಿಷು ಏಪ್ರಿಲ್ ನಡುವಿನಲ್ಲೇ ಕಳೆದಿರುವುದರಿಂದ ತಮ್ಮ ದಿನಕ್ಕೆ ಆ ಹಬ್ಬದ ನೂಕುನುಗ್ಗಲು ಅಡ್ಡ ಬರಲಾರದು. ಕಕ್ಕೆ ಹೂ ಆಗ ಊರೆಲ್ಲ ತುಂಬಿರುತ್ತದೆ ಮತ್ತು ಖರ್ಚಿಲ್ಲದೆ ಸಿಗುತ್ತದೆ ನಿಜ, ಆದರೆ ಕೊಯ್ದ ಕೆಲವೇ ತಾಸಿನಲ್ಲಿ ಎಸಳು ಉದುರುವುದರಿಂದ ಮಂಟಪಕ್ಕೆ ಅದು ಆಗಿಬರುವುದಿಲ್ಲ.

ಉತ್ತರ (ಮಂಜೇಶ್ವರದಿಂದ)

ಮಲ್ಲಿಗೆಯ ಲೆಕ್ಕವನ್ನು ನಾನು ಹೇಳುತ್ತೇನೆ. ನಮಗೆ ಮಂಗಳೂರಿನ ಮೂಲಕ ಬರುವ ಶಂಕರಪುರ ಮಲ್ಲಿಗೆಯನ್ನು ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಒಬ್ಬರಿಗೆ ಒಂದು ಗೇಣಿನಷ್ಟು ಕೊಡುವುದಾದರೆ, ಅಂದರೆ ಸುಮಾರು ಎಂಬತ್ತು ಹೂವಿನ ತುಂಡಾದರೆ, ಒಂದು ಚೆಂಡು ಹತ್ತು ಮಂದಿಗೆ ಸಾಕು. ಇನ್ನೂರು ಮಂದಿಗೆ ಇಪ್ಪತ್ತು ಚೆಂಡು, ಎಂದರೆ ಐದು ಅಟ್ಟೆ. ಮದುಮಗಳ ಜಡೆಗೆ ಮತ್ತು ಮನೆಯ ಹತ್ತಿರದವರಿಗೆ ಇನ್ನೊಂದು ಅಟ್ಟೆ ಬೇರೆಯಾಗಿ ಇಟ್ಟುಕೊಳ್ಳಿ. ಅಟ್ಟೆಯ ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮದುವೆಗಳು ಹೆಚ್ಚಿರುವ ದಿನಗಳಲ್ಲಿ ಅದು ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು. ಬೇಸಿಗೆಯಲ್ಲಿ ಇಳುವರಿ ಚೆನ್ನಾಗಿದ್ದರೂ ಒಂದು ಅಡ್ಡಮಳೆ ಬಂದರೆ ಮೊಗ್ಗು ಕೆಟ್ಟು ದರ ಏರುತ್ತದೆ. ಹಾಗಾಗಿ ಮುಂಗಡ ಕೊಡುವಾಗ ಅಟ್ಟೆಯ ಸಂಖ್ಯೆಯನ್ನು ಮಾತ್ರ ಗೊತ್ತುಮಾಡಿ, ಖರ್ಚಿನ ಪಟ್ಟಿಯಲ್ಲಿ ಗರಿಷ್ಠ ದರವನ್ನೇ ಹಿಡಿದುಕೊಳ್ಳುವುದು ಕ್ಷೇಮ.

ಬೆಳಗ್ಗೆ ಕೊಯ್ದು ಬಾಳೆನಾರಿನಲ್ಲಿ ಕಟ್ಟಿದ ಮೊಗ್ಗು ಸಂಜೆಗೆ ಅರಳುತ್ತದೆ. ಅದೇ ದಿನ ಕೊಯ್ದ ಹೂ 11.30ರ ಮುಹೂರ್ತಕ್ಕೆ ನಮ್ಮ ಕಡೆ ತಲುಪುವುದು ಕಷ್ಟವಾದ್ದರಿಂದ ತಮಗೆ ಸಿಗುವುದು ಹಿಂದಿನ ದಿನದ ಹೂವೇ ಆಗಿರುತ್ತದೆ. ಚೆಂಡನ್ನು ಸುತ್ತಿದ ಬಾಳೆ ಎಲೆಯನ್ನು ಬಿಚ್ಚದೆ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ. ಮೇಲೆ ನೀರು ಸುರಿದರೆ ಎಸಳು ಕಂದುಬಣ್ಣಕ್ಕೆ ತಿರುಗುತ್ತದೆ. ತುಂಡರಿಸಿ ಹರಿವಾಣದಲ್ಲಿ ಜೋಡಿಸುವ ಕೆಲಸವನ್ನು ದಿಬ್ಬಣ ಬರುವ ಸ್ವಲ್ಪ ಮುಂಚೆ ಮಾಡಿದರೆ ಸಾಕು, ಮತ್ತು ನಾರು ಸಡಿಲವಾಗದಂತೆ ಎರಡು ಗಂಟುಗಳ ನಡುವೆ ಕತ್ತರಿಸಬಲ್ಲ ಕೈಗೇ ಆ ಕೆಲಸವನ್ನು ಒಪ್ಪಿಸಬೇಕು.

ಉತ್ತರ (ಮುಳ್ಳೇರಿಯದಿಂದ)

ಮಂಟಪವನ್ನೇ ಹಿಂಗಾರದಿಂದ ಮುಚ್ಚುವ ಇತ್ತೀಚಿನ ಪದ್ಧತಿಗೆ ನನ್ನ ಒಪ್ಪಿಗೆಯಿಲ್ಲ. ಒಂದು ಹಿಂಗಾರ ಇಳಿಸಿದರೆ ಮರದ ಒಂದು ಗೊನೆ ಹೋದಂತೆಯೇ, ಮತ್ತು ವರ್ಷಕ್ಕೆ ಒಂದು ಮರದಲ್ಲಿ ನಾಲ್ಕೈದು ಗೊನೆಗಿಂತ ಹೆಚ್ಚು ಸಿಗುವುದು ಅಪರೂಪ. ತಮ್ಮ ಹಿರಿಯರ ಮಾತನ್ನು ಕಲಶಕ್ಕೆ ಒಂದು, ಮಂಟಪದ ನಾಲ್ಕು ಕಂಬಗಳಿಗೆ ಒಂದೊಂದು ಎಂಬಷ್ಟರಲ್ಲೇ ನಡೆಸಿಕೊಡಬಹುದು, ನೋಟಕ್ಕೂ ಅಷ್ಟೇ ಚೆಂದ. ಅದನ್ನು ಇಳಿಸುವ ಕ್ರಮ ಹೀಗೆ: ಹೊರಗಿನ ಹಸಿರು ಕವಚ ಉಬ್ಬಿ, ಅಂಚಿನಲ್ಲಿ ಸ್ವಲ್ಪ ಹಳದಿಗೆ ತಿರುಗಿದ್ದನ್ನು ಆರಿಸಿ ಹಿಂದಿನ ಸಂಜೆ ಕೊಯ್ಯಿಸಿ, ನೆಲಕ್ಕೆ ಬೀಳಿಸದೆ ಹಗ್ಗದಲ್ಲಿ ಇಳಿಸಬೇಕು. ಕವಚ ಬಿಡಿಸದೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಬೇಕು. ಮರುದಿನ ಬೆಳಗ್ಗೆ ಚೂರಿಯ ತುದಿಯನ್ನು ಮೇಲೆ ಮೇಲೆ ಓಡಿಸಿ ಉದ್ದಕ್ಕೆ ಸೀಳಿದರೆ, ಒಳಗೆ ಒತ್ತೊತ್ತಾಗಿ ಮಡಿಚಿಕೊಂಡಿದ್ದ ಎಳೆಗಳು ಅಕ್ಕಿಯಂಥ ಬಿಳಿ ಮೊಗ್ಗುಗಳೊಂದಿಗೆ ತಾವಾಗಿ ಬಿಚ್ಚಿಕೊಳ್ಳುತ್ತವೆ. ಚೂರಿ ಆಳಕ್ಕೆ ಇಳಿದರೆ ಎಳೆಗಳೇ ತುಂಡಾಗುತ್ತವೆ. ಬಿಚ್ಚಿದ ಮೇಲೆ ಸಣ್ಣ ಹೂಗಳು ಉದುರತೊಡಗುವುದರಿಂದ ಮದುಮಕ್ಕಳು ಕುಳಿತುಕೊಳ್ಳುವ ಹಸೆಯ ನೇರ ಮೇಲೆ ಇದನ್ನು ಕಟ್ಟಬೇಡಿ.

ತೆಂಗಿನ ಎಳೆಗರಿಯ ವಿಚಾರದಲ್ಲೂ ಇದೇ ಎಚ್ಚರ ಬೇಕು. ಅದು ಸುಳಿಯಲ್ಲೇ ಇರುವುದರಿಂದ ಅಜಾಗರೂಕತೆಯಿಂದ ಕಡಿದರೆ ಮರಕ್ಕೆ ಪೆಟ್ಟಾಗುತ್ತದೆ. ಹೇಗೂ ಕಡಿಯಲಿರುವ ಹಳೆಯ ಮರ ಯಾರ ತೋಟದಲ್ಲಾದರೂ ಇದೆಯೇ ಎಂದು ಮೊದಲು ವಿಚಾರಿಸಿ. ಮಾವಿನ ತೋರಣ, ಗೊನೆಸಹಿತ ಬಾಳೆ, ಹಣ್ಣಡಿಕೆಯ ಗೊನೆ ಇವಿಷ್ಟಿದ್ದರೆ ಚಪ್ಪರದ ಬಾಗಿಲಿಗೆ ಬೇರೆ ಹೂವೇ ಬೇಡ, ಹಣವೂ ಉಳಿಯುತ್ತದೆ.

ಉತ್ತರ (ಉಪ್ಪಳದಿಂದ)

ಎರಡು ವಿಷಯಗಳನ್ನು ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ತಮಿಳುನಾಡಿನ ಕಡೆಯಿಂದ ಬರುವ ಅಗ್ಗದ ಮಾಲೆಗಳಲ್ಲಿ ಕಣಗಿಲೆ ಇರುವುದುಂಟು. ಇಲ್ಲಿನ ಅಂಗಡಿಗಳಲ್ಲಿ ಅದನ್ನು ಮಲಯಾಳದ ಹೆಸರಿನಿಂದ ಅರಳಿ ಎನ್ನುತ್ತಾರೆ, ಅದು ನಮ್ಮ ಅಶ್ವತ್ಥವಲ್ಲ. ಅದರ ಹೂ, ಎಲೆ ಎಲ್ಲವೂ ವಿಷ. 2024ರ ಮೇ ತಿಂಗಳಲ್ಲಿ ತಿರುವಿತಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಇದರ ಬಳಕೆಯನ್ನು ನಿಲ್ಲಿಸಿದವು. ಊಟದ ಬಡಿಸುವ ಮೇಜಿಗೂ ಚಿಕ್ಕ ಮಕ್ಕಳ ಕೈಗೂ ಅದು ಸಿಗದಂತೆ ನೋಡಿಕೊಳ್ಳಿ. ಮದುಮಕ್ಕಳ ಮಾಲೆಗೆ ತುಳಸಿಯೊಂದಿಗೆ ಮಲ್ಲಿಗೆ ಅಥವಾ ಗುಲಾಬಿ ಸೇರಿಸಿದರೆ ಭಾರವೂ ಕಡಮೆ. ಗಟ್ಟಿಯಾಗಿ ಹೆಣೆದ ಗುಲಾಬಿಯ ದಪ್ಪ ಮಾಲೆಯನ್ನು ಹೊತ್ತು ತಾಸುಗಟ್ಟಲೆ ಕುಳಿತುಕೊಳ್ಳುವುದು ಮದುಮಗಳಿಗೆ ನಿಜವಾಗಿಯೂ ಕಷ್ಟ.

ಎರಡನೆಯದು ಲಿಲಿಯಂ. ಔತಣಕೂಟದ ವೇದಿಕೆಯಲ್ಲಿ ಅದು ಸುಂದರವಾಗಿ ಕಾಣುತ್ತದೆ, ಆದರೆ ನಡುವಿನ ಕೇಸರಗಳ ಕಿತ್ತಳೆ ಬಣ್ಣದ ಪುಡಿ ರೇಷ್ಮೆಗೆ ತಾಗಿದರೆ ಸುಲಭಕ್ಕೆ ಬಿಡುವುದಿಲ್ಲ. ಜೋಡಿಸುವ ಮೊದಲೇ ಕೇಸರಗಳನ್ನು ಚಿವುಟಿ ತೆಗೆಯಲು ಹೇಳಿ. ತಾಗಿಯೇಬಿಟ್ಟರೆ ಒದ್ದೆ ಕೈಯಿಂದ ಉಜ್ಜದೆ, ಅಂಟುಪಟ್ಟಿ ಒತ್ತಿ ಎತ್ತಬೇಕು.

ಬದಿಯಡ್ಕದವರ ಮರುಪ್ರಶ್ನೆ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಧಾರೆಗೆ ಎಲೆ, ಗೊಂಡೆ, ಸೇವಂತಿಗೆ ಮತ್ತು ಐದು ಹಿಂಗಾರ, ಔತಣಕೂಟಕ್ಕೆ ಆರ್ಕಿಡ್ ಎಂದು ಮನೆಯಲ್ಲಿ ಒಪ್ಪಿಗೆಯಾಯಿತು. ಅಲಂಕಾರದವರ ಕರಾರಿನಲ್ಲಿ ಏನೇನು ಬರೆಸಬೇಕು?

ಉತ್ತರ (ಕುಂಬಳೆಯಿಂದ)

ಹೂವಿನ ಹೆಸರು, ಬಣ್ಣ ಮತ್ತು ಪ್ರಮಾಣ. ಆ ಹೂ ಸಿಗದಿದ್ದರೆ ಬದಲಿಗೆ ಯಾವುದು, ಅದಕ್ಕೆ ಯಾರ ಒಪ್ಪಿಗೆ ಬೇಕು ಎಂಬುದು. ಬೆಳಗ್ಗಿನ ಕೆಲಸಕ್ಕೆ ಎಷ್ಟು ಆಳು, ಎಷ್ಟು ಗಂಟೆಗೆ. ಫೋಮ್, ಥರ್ಮೋಕೋಲ್, ಪ್ಲಾಸ್ಟಿಕ್ ಹೂ ತರುವುದಿಲ್ಲವೆಂಬ ಮಾತು. ಬಾಡಿದ ಹೂವನ್ನು ಯಾರು ಒಯ್ಯುತ್ತಾರೆಂಬುದನ್ನೂ ಬರೆಸಿ, ಇಲ್ಲವಾದರೆ ಸಭಾಭವನದವರು ತೆರವಿನ ಖರ್ಚನ್ನು ತಮ್ಮಿಂದ ಕೇಳುವ ಸಂಭವವಿದೆ. ದಾರ ಮತ್ತು ತಂತಿಯನ್ನು ಬೇರ್ಪಡಿಸಿಕೊಟ್ಟರೆ ಹೂವನ್ನು ತಾವೇ ತೋಟಕ್ಕೆ ತಂದು ಅಡಿಕೆಯ ಬುಡಕ್ಕೆ ಹಾಕಿಸಬಹುದು. ಬಾಕಿ ಹಣದ ಕೊನೆಯ ಕಂತನ್ನು ಮಂಟಪ ಬಿಚ್ಚಿ ನೆಲ ಗುಡಿಸಿದ ಮೇಲೆ ಕೊಡುವುದೆಂದು ಬರೆಸಿಕೊಳ್ಳಿ.