ಪದಚರ್ಚೆ: ಅಂಗಳದ ಹೂಮರ – ಸವರುವುದೋ, ಚಾಟ್ನಿಯೋ, ಕಸಿಯೋ?

ಎಲ್ಲರಿಗೂ ನಮಸ್ಕಾರ.

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಅಂಗಳದ ಮರಗಳ ಆರೈಕೆ ಕುರಿತು ಕನ್ನಡದಲ್ಲಿ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಗುಂಡಿ, ಗೊಬ್ಬರ, ಪಾತಿಯವರೆಗೆ ಸಲೀಸಾಗಿ ಸಾಗಿತು. ಕೊಂಬೆ ಕತ್ತರಿಸುವ ಭಾಗಕ್ಕೆ ಬಂದಾಗ ಸರಿಯಾದ ಪದ ಸಿಗದೆ ನಿಂತಿದೆ. (ಕೊಂಬೆಯೇ ವಿಜಯಪುರದವರಿಗೆ ಟೊಂಗಿ, ಮಂಗಳೂರಿನವರಿಗೆ ಗೆಲ್ಲು. ಅದಿರಲಿ.)

ಇಲ್ಲಿನ ಮಾಳಿಕಾಕಾ (ತೋಟ ನೋಡಿಕೊಳ್ಳುವವರು) ಎಲ್ಲ ಬಗೆಯ ಕತ್ತರಿಸುವಿಕೆಗೂ ಮರಾಠಿಯಲ್ಲಿ ‘ಛಾಟಣಿ’ ಎನ್ನುತ್ತಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರ ‘ಚಾಟ್ನಿ’ಯೂ ಅದೇ. ಆದರೆ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿಯನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸುವ ಕೆಲಸ ಅದು. ಹೆಚ್ಚೇನೂ ಕತ್ತರಿ ಬೇಡದ ಕಕ್ಕೆ ಮರಕ್ಕೆ (ಇಲ್ಲಿ ‘ಬಹಾವಾ’) ಚಾಟ್ನಿ ಮಾಡಿ ಎಂದು ಬರೆದರೆ ಮರದ ಗತಿ ಏನು?

ಮಲೆನಾಡಿನ ಕಾಫಿ ತೋಟದಲ್ಲಿ ನೆರಳಿನ ಮರದ ಕೊಂಬೆ ತೆಗೆಯುವುದು ‘ಮರಗಸಿ’. ಒಳ್ಳೆಯ ಮಾತು. ಆದರೆ ಗುಲ್‌ಮೊಹರಿಗೆ ಮಳೆಗಾಲಕ್ಕೆ ಮುಂಚೆ ಕಸಿ ಮಾಡಿ ಎಂದರೆ ಬಯಲುಸೀಮೆಯವರು ಕಟ್ಟಲು ಇನ್ನೊಂದು ಗಿಡದ ಕುಡಿ ಹುಡುಕಿಯಾರು.

ಕೃಷಿ ಪುಸ್ತಕಗಳದ್ದು ‘ಸವರುವಿಕೆ’. ಹಳೆಯ ಕಾವ್ಯದಲ್ಲಿ ಸೇನೆಯನ್ನು ಸವರಿದ ಎಂದರೆ ಕತ್ತರಿಸಿ ಹಾಕಿದ ಎಂದೇ, ಹಾಗಾಗಿ ಪದಕ್ಕೆ ಬೇರಿದೆ. ಆದರೆ ಇವತ್ತಿನ ಮಕ್ಕಳಿಗೆ ಸವರುವುದೆಂದರೆ ಬೆಣ್ಣೆ ಸವರುವುದು, ಬೆನ್ನು ಸವರುವುದು. ‘ಕಡಿ’ಯಂತೂ ಇಲ್ಲಿ ಅಪಾಯದ ಮಾತು. ಮಹಾರಾಷ್ಟ್ರದ ನಗರ ಪ್ರದೇಶಗಳ 1975ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷ ಪ್ರಾಧಿಕಾರದ ಒಪ್ಪಿಗೆ ಬೇಕು. ಕೊಂಬೆಗೂ ಮರಕ್ಕೂ ಒಂದೇ ಕ್ರಿಯಾಪದ ಬಳಸಿದರೆ ಓದಿದವರು ಏನು ತಿಳಿದುಕೊಳ್ಳಬೇಕು?

ಒಂದೇ ಪದ ಸಾಲದು ಎಂಬುದು ನನ್ನ ಅನಿಸಿಕೆ. ಒತ್ತಾಗಿ ಬೆಳೆದ ಒಳಕೊಂಬೆ ತೆಗೆದು ಗಾಳಿ ಆಡುವಂತೆ ಮಾಡುವುದು ಬೇರೆ, ಮರದ ತಲೆ ಹಾರಿಸುವುದೇ ಬೇರೆ. ಗುಲ್‌ಮೊಹರಿನ ಕೊಂಬೆ ಸುಲಭವಾಗಿ ಮುರಿಯುವಂಥದ್ದು, ಮುಂಗಾರಿನ ಗಾಳಿಗೆ ಹೆದರಿ ಜನ ಅದರ ತಲೆಯನ್ನೇ ತೆಗೆಸುತ್ತಾರೆ. ಆಮೇಲೆ ಬರುವ ನೆಟ್ಟನೆಯ ಚಿಗುರುಗಳು ಕಾಂಡಕ್ಕೆ ಗಟ್ಟಿಯಾಗಿ ಕೂರದೆ ಇನ್ನೂ ಬೇಗ ಮುರಿಯುತ್ತವೆ. ತಾಮ್ಹಣದಲ್ಲಿ (ಮಹಾರಾಷ್ಟ್ರದ ರಾಜ್ಯಪುಷ್ಪ, ನಮ್ಮ ಹೊಳೆದಾಸವಾಳ) ಹೂಗೊಂಚಲು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಎಲೆ ಉದುರಿದಾಗ ಹದವಾಗಿ ಕತ್ತರಿಸಬಹುದು, ಏಪ್ರಿಲ್‌ನಲ್ಲಿ ಕೈಯಾಡಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ತಲೆ ಹಾರಿಸುವುದಕ್ಕೆ ‘ಬೋಳಿಸು’ ಎಂದು ಬರೆಯಬೇಕೆಂದಿದ್ದೇನೆ. ಪದದಲ್ಲೇ ಬೈಗುಳವಿರುವುದರಿಂದ ಯಾರೂ ಸುಲಭಕ್ಕೆ ಮಾಡಲಾರರು. ಒಳಕೊಂಬೆ ತೆಗೆಯುವುದಕ್ಕೆ ‘ಕೊಂಬೆ ಬಿಡಿಸು’ ಆದೀತೆ? ಕಾಫಿ ಗಿಡದಲ್ಲಿ ನೇರಕ್ಕೆ ಏಳುವ ಚಿಗುರಿಗೆ ತೋಟದವರು ಹೇಳುವ ‘ಕಂಬಚಿಗುರು’ ಎಂಬ ಮಾತನ್ನು, ತಲೆ ಹಾರಿಸಿದ ಮೇಲೆ ಬರುವ ಆ ನೆಟ್ಟನೆ ಚಿಗುರಿಗೂ ಎಳೆದುಕೊಳ್ಳಬಹುದೆ?

ಇನ್ನೊಂದು. ಕೊಂಬೆ ಕಾಂಡವನ್ನು ಸೇರುವಲ್ಲಿ ಉಂಗುರದಂತೆ ತುಸು ಉಬ್ಬಿದ ಜಾಗವಿರುತ್ತದೆ. ಅದನ್ನು ಉಳಿಸಿ, ಅದರ ಹೊರಅಂಚಿಗೆ ಕೊಯ್ದರೆ ಸುತ್ತಲಿಂದ ಹೊಸ ತೊಗಟೆ ಬೆಳೆದು ಗಾಯ ಮುಚ್ಚುತ್ತದೆ. ಕಾಂಡಕ್ಕೆ ಸಮನಾಗಿ ಕೊಯ್ದರೂ, ಉದ್ದನೆಯ ಮೋಟು ಬಿಟ್ಟರೂ ಕೊಳೆತ ಒಳಗಿಳಿಯುತ್ತದೆ. ಈ ಉಬ್ಬಿಗೆ ಹೆಸರೇನು? ‘ಗಿಣ್ಣು’ ಎಂದರೆ ಎಲೆ ಹುಟ್ಟುವ ಜಾಗ, ಅದಲ್ಲ. ‘ಕೊರಳು’ ಎಂದುಕೊಂಡಿದ್ದೆ, ಆದರೆ ‘ಕೊರಳಿನ ಹೊರಗೆ ಕೊಯ್ಯಿರಿ’ ಎಂಬ ವಾಕ್ಯ ಓದಿ ಪಕ್ಕದ ಮನೆಯ ಅಕ್ಕ ನಕ್ಕರು.

ನಿಮ್ಮೂರಿನ ಮರ ಹತ್ತುವವರು, ಬಡಗಿಗಳು, ತೋಟದಾಳುಗಳು ಏನೆನ್ನುತ್ತಾರೆ? ತುಳು, ಕೊಡವ, ಹವ್ಯಕ ಮಾತುಗಳೂ ನಡೆಯುತ್ತವೆ. ಊರಿನ ಹೆಸರು ಸೇರಿಸಿ ಬರೆಯಿರಿ.