ಎಕ್ಸ್‌ಟೆನ್ಷನ್‌ಗೆ ಎಂಐಟಿ ಹಾಕಲಾ, ಜಿಪಿಎಲ್ ಹಾಕಲಾ?

ಪ್ರಶ್ನೆ:
ಒಂದು ಪುಟ್ಟ ಬ್ರೌಸರ್ ಎಕ್ಸ್‌ಟೆನ್ಷನ್ ಬರೆದಿದ್ದೇನೆ. ಒಂದೇ ಪುಟ ಎರಡು ಟ್ಯಾಬ್‌ನಲ್ಲಿ ತೆರೆದಿದ್ದರೆ ಒಂದನ್ನು ಮುಚ್ಚುತ್ತದೆ, ಅಷ್ಟೇ. ಕೋಡ್ ಗಿಟ್‌ಹಬ್‌ನಲ್ಲಿದೆ, ಲೈಸೆನ್ಸ್ ಫೈಲ್ ಇಲ್ಲ. ಫೈರ್‌ಫಾಕ್ಸ್‌ಗೆ ಅಪ್‌ಲೋಡ್ ಮಾಡಲು ಹೋದರೆ ಯಾವ ಲೈಸೆನ್ಸ್ (ಕೋಡನ್ನು ಬೇರೆಯವರು ಹೇಗೆ ಬಳಸಬಹುದು ಅನ್ನೋ ಅನುಮತಿ) ಅಂತ ಕೇಳುತ್ತದೆ. ಷರತ್ತು ಕಡಿಮೆ ಇರುವ ಎಂಐಟಿಯಾ, ತಿದ್ದಿ ಹಂಚುವವರೂ ಸೋರ್ಸ್ (ಮೂಲ ಕೋಡ್) ಕೊಡಬೇಕು ಅನ್ನುವ ಜಿಪಿಎಲ್ಲಾ ಗೊತ್ತಾಗದೆ ಅಲ್ಲೇ ನಿಂತುಬಿಟ್ಟೆ. ಯಾರು ಬೇಕಾದರೂ ಬಳಸಲಿ, ತಿದ್ದಲಿ. ಆದರೆ ಯಾರೋ ಇದನ್ನೇ ಎತ್ತಿಕೊಂಡು, ಒಳಗೆ ಜಾಹೀರಾತು ತುರುಕಿ, ಅದೇ ಹೆಸರಲ್ಲಿ ಸ್ಟೋರ್‌ಗೆ ಹಾಕಿದರೆ ಹೊಟ್ಟೆ ಉರಿಯುತ್ತದೆ. ‘ವ್ಯಾಪಾರಕ್ಕೆ ಬಳಸುವಂತಿಲ್ಲ’ ಅಂತ ಒಂದು ಸಾಲು ಸೇರಿಸಿದರೆ ಸಾಕಾ? ಅಂದಹಾಗೆ, ಯುಆರ್‌ಎಲ್ ಹೋಲಿಸುವ ಒಂದು ಫೈಲನ್ನು ಬೇರೆ ಎಕ್ಸ್‌ಟೆನ್ಷನ್‌ನಿಂದ ತಗೊಂಡು ಸ್ವಲ್ಪ ಬದಲಾಯಿಸಿದ್ದೇನೆ. ಪರವಾಗಿಲ್ಲ ಅಲ್ವಾ?

ಉತ್ತರ 1:
ಕೊನೆಯಲ್ಲಿ ‘ಅಂದಹಾಗೆ’ ಅಂದಿರಲ್ಲ, ಇಡೀ ಪ್ರಶ್ನೆ ಇರೋದೇ ಅಲ್ಲಿ. ಆ ಫೈಲಿನ ಲೈಸೆನ್ಸ್ ಯಾವುದು ಅಂತ ಮೊದಲು ನೋಡಿ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಷನ್ ಥರ ಅದೂ ಜಿಪಿಎಲ್ 3 ಆಗಿದ್ದರೆ ನಿಮಗೆ ಆಯ್ಕೆಯೇ ಇಲ್ಲ, ಇಡೀ ಎಕ್ಸ್‌ಟೆನ್ಷನ್ ಜಿಪಿಎಲ್ 3ರಲ್ಲೇ ಹೊರಬರಬೇಕು. ಎಂಪಿಎಲ್ 2.0 (ಮೊಜಿಲ್ಲಾದ ಲೈಸೆನ್ಸ್) ಆಗಿದ್ದರೆ ಆ ಫೈಲ್ ಮಾತ್ರ ಎಂಪಿಎಲ್‌ನಲ್ಲಿ ಉಳಿಯಬೇಕು, ಉಳಿದದ್ದು ನಿಮ್ಮಿಷ್ಟ. ಎಂಐಟಿ ಆಗಿದ್ದರೆ ಅವರ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕು. ಲೈಸೆನ್ಸೇ ಇಲ್ಲ ಅಂದರೆ ಆ ಫೈಲ್ ತೆಗೆದುಬಿಡಿ. ಕಣ್ಣಿಗೆ ಕಾಣುತ್ತದೆ ಅಂದ ಮಾತ್ರಕ್ಕೆ ಬಳಸಬಹುದು ಅಂತಲ್ಲ. ಗಿಟ್‌ಹಬ್‌ನಲ್ಲಿ ನೀವು ಕೋಡ್ ಇಟ್ಟಿರುವ ರೆಪೊ ಕೂಡ ಈಗ ಹಾಗೇ, ಲೈಸೆನ್ಸ್ ಇಲ್ಲದೆ ಇದೆ.

ವ್ಯಾಪಾರದ ಸಾಲು ಬೇಡ. ಅದು ಸೇರಿದರೆ ಓಪನ್ ಸೋರ್ಸ್ (ಯಾರು ಬೇಕಾದರೂ ಯಾವುದಕ್ಕಾದರೂ ಬಳಸಬಹುದಾದ ಕೋಡ್) ಅನ್ನಿಸಿಕೊಳ್ಳುವುದಿಲ್ಲ. ಜಿಪಿಎಲ್ 3ಕ್ಕೆ ಅಂಟಿಸಿದರಂತೂ, ಕೋಡ್ ಪಡೆದವರು ಅಂಥ ಹೆಚ್ಚುವರಿ ನಿರ್ಬಂಧವನ್ನು ಕಿತ್ತುಹಾಕಬಹುದು ಅಂತ ಅದರ 7ನೇ ಸೆಕ್ಷನ್ನೇ ಹೇಳುತ್ತದೆ.

ಉತ್ತರ 2:
ಜಾಹೀರಾತಿನ ವಿಷಯಕ್ಕೆ ಬಂದರೆ, ಯಾವ ಓಪನ್ ಸೋರ್ಸ್ ಲೈಸೆನ್ಸೂ ಅದನ್ನು ತಡೆಯೋದಿಲ್ಲ. ಜಿಪಿಎಲ್‌ನಲ್ಲೂ ಮಾರಬಹುದು, ಜಾಹೀರಾತು ಹಾಕಬಹುದು, ಸೋರ್ಸ್ ಕೊಡಬೇಕು ಅಷ್ಟೇ. ಆದರೆ ಕದಿಯೋರು ಆ ಸೋರ್ಸ್ ಕೊಡೋದಿಲ್ಲ ನೋಡಿ, ಅಲ್ಲಿ ಸಿಕ್ಕಿಬೀಳುತ್ತಾರೆ.

ನನಗೇ ಆಗಿದೆ. ನನ್ನದು ಎಂಐಟಿ. ಒಂದು ದಿನ ಸ್ಟೋರ್‌ನಲ್ಲಿ ನೋಡಿದರೆ ಅದೇ ಐಕಾನ್, ಅದೇ ವಿವರಣೆ, ನಾನು ಮಾಡಿದ್ದ ಒಂದು ಕಾಗುಣಿತದ ತಪ್ಪು ಕೂಡ ಹಾಗೇ! ಜಾಹೀರಾತಿನ ಬಗ್ಗೆ ನಾನು ಬಾಯಿ ಬಿಡುವಂತಿರಲಿಲ್ಲ, ಅನುಮತಿ ಕೊಟ್ಟವನೇ ನಾನು. ಆದರೆ ಅವರು ನನ್ನ ಕಾಪಿರೈಟ್ ಸಾಲನ್ನೇ ಅಳಿಸಿದ್ದರು. ದೂರಿನಲ್ಲಿ ಅದೊಂದನ್ನೇ ಹಿಡಿದು ಬರೆದೆ, ಎಕ್ಸ್‌ಟೆನ್ಷನ್ ತೆಗೆದರು. ಹೆಸರಿನ ವಿಷಯ ಬೇರೆ. ಕೋಡಿಗೆ ಅನುಮತಿ ಕೊಟ್ಟರೆ ಹೆಸರಿಗೂ ಕೊಟ್ಟಂತಲ್ಲ. ಅಪಾಚೆ 2.0 (ಇನ್ನೊಂದು ಓಪನ್ ಸೋರ್ಸ್ ಲೈಸೆನ್ಸ್), ಎಂಪಿಎಲ್ 2.0 ಎರಡೂ ಇದನ್ನು ಬಿಡಿಸಿ ಹೇಳುತ್ತವೆ. ರೀಡ್‌ಮಿ (ಪರಿಚಯದ) ಫೈಲಿನಲ್ಲಿ ‘ಫೋರ್ಕ್ ಮಾಡಿದರೆ (ನಕಲಿಸಿ ಬೇರೆಯಾಗಿ ಬೆಳೆಸಿದರೆ) ಹೆಸರು, ಐಕಾನ್ ಬದಲಾಯಿಸಿ’ ಅಂತ ಬರೆದಿಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಫೈಲಿನ ತಲೆಯಲ್ಲೇ ‘ಜಿಪಿಎಲ್ 3 ಅಥವಾ ನಂತರದ ಆವೃತ್ತಿ’ ಅಂತ ಇದೆ. ಕಾಪಿ ಮಾಡುವಾಗ ಕಣ್ಣಿಗೇ ಬಿದ್ದಿರಲಿಲ್ಲ. ಸರಿ, ಜಿಪಿಎಲ್ 3 ಹಾಕುತ್ತೇನೆ. ಆದರೆ ಸ್ಟೋರ್‌ಗೆ ಹಾಕಲು ಬಿಲ್ಡ್ ಮಾಡಿದ ಜಿಪ್ ತೆರೆದರೆ ಆ ಲೈಸೆನ್ಸ್ ಕಾಮೆಂಟೇ ಮಾಯ, ಕೋಡ್ ಕುಗ್ಗಿಸುವ ಮಿನಿಫೈಯರ್ ನುಂಗಿದೆ.

ಉತ್ತರ 1:
ಆ ಕಾಮೆಂಟನ್ನು /*! ಅಂತ ಶುರು ಮಾಡಿ, ಸಾಮಾನ್ಯವಾಗಿ ಮಿನಿಫೈಯರ್‌ಗಳು ಅದನ್ನು ಮುಟ್ಟುವುದಿಲ್ಲ. ಜಿಪ್ ಒಳಗೆ ಲೈಸೆನ್ಸ್ ಫೈಲ್ ಇರಲಿ. ಮಿನಿಫೈ ಆದ ಕೋಡ್ ಜಿಪಿಎಲ್ ಲೆಕ್ಕದಲ್ಲಿ ಸೋರ್ಸ್ ಅಲ್ಲ, ಆದ್ದರಿಂದ ಸ್ಟೋರ್ ಪುಟದಲ್ಲಿ ರೆಪೊ ಲಿಂಕ್ ಕೊಡಿ. ಇಷ್ಟರಲ್ಲಿ ಯಾರಾದರೂ ನಿಮ್ಮ ಕೋಡಿಗೆ ಪ್ಯಾಚ್ (ತಿದ್ದುಪಡಿ) ಕಳಿಸಿದ್ದಾರಾ? ಆಗ ಲೈಸೆನ್ಸ್ ಇರಲಿಲ್ಲವಲ್ಲ, ಅವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರು ಕಳಿಸಿದ್ದರು. ಒಬ್ಬರು ಹತ್ತೇ ನಿಮಿಷದಲ್ಲಿ ಓಕೆ ಅಂದರು. ಇನ್ನೊಬ್ಬರ ಸುದ್ದಿಯೇ ಇಲ್ಲ. ಅವರದ್ದು ಏಳು ಸಾಲು, ತೆಗೆದು ನಾನೇ ಬೇರೆ ರೀತಿ ಬರೆದುಕೊಳ್ಳುತ್ತೇನೆ.